ಜವಳಿ ಅಂಗಡಿಗೆ ಹೊರಟ ಭಾನುವಾರ

ಆ ಸಂಜೆ ಅಡುಗೆಮನೆಯಲ್ಲಿ ಮನೆಯವರೆಲ್ಲ ಇದ್ದೆವು. ಎಲ್ಲ ಎಂದರೆ ನಾಲ್ಕೇ ಜನ. ಅಪ್ಪನ ತಾಯಿ, ನಮ್ಮ ಅಜ್ಜಿ, ಒಲೆಯ ಪಕ್ಕದ ಬೆಚ್ಚಗಿನ ಜಾಗವನ್ನು ತನ್ನದು ಮಾಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅವ್ವ ಬಾಳೆಲೆಯ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಹೊಸ್ತಿಲ ಮೇಲೆ ಕೂತು, ಬಿಸಿನೀರಿನ ಬೋಗುಣಿಯಲ್ಲಿ ಪಾದ ಅದ್ದಿಕೊಂಡು, ಏನೋ ಹೇಳುವುದಿದ್ದವನ ಹಾಗೆ ಆಗಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ನಾನು ಗೋಡೆಗೆ ಒರಗಿ ಕೂತಿದ್ದೆ. ನನಗಾಗ ಹದಿನಾರು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿದ್ದವಳು. ಹಾಗೆ ಮನೆಯಲ್ಲಿದ್ದ ಹುಡುಗಿಯ ಎದುರು ಯಾರು ಗಂಟಲು ಸರಿಮಾಡಿಕೊಂಡರೂ ಅದು ತನ್ನ ವಿಷಯವೇ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಮನೆ ಎಂದೆನಲ್ಲ, ಅದು ನಮ್ಮದಲ್ಲ. ಸಕಲೇಶಪುರದ ಹೊಳೆಯಿಂದಾಚೆ, ಆಲೂರಿನ ಕಡೆಗೆ ಏರುವ ಗುಡ್ಡದ ಮೇಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಸ್ಟೋರ್ ರೈಟರ್. ಗೊಬ್ಬರ, ಗುದ್ದಲಿ, ಕಂಬಳಿ, ಚೀಲಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಸ್ಟೋರಿನ ಬೆನ್ನಿಗೆ ಅಂಟಿಕೊಂಡಂತೆ ತಗಡಿನ ಮಾಡಿನ ಮೂರು ಕೋಣೆ ನಮಗೆ. ನಡುಕೋಣೆಯ ಗೋಡೆಯಾಚೆ ಮೂಳೆಗೊಬ್ಬರದ ಮೂಟೆಗಳು. ಅವ್ವ ಎಷ್ಟು ಸಾರಿಸಿದರೂ ಆ ವಾಸನೆ ನಮ್ಮ ಹಾಸಿಗೆಗೆ ಬರುತ್ತಿತ್ತು. ಮನೆ ಮುಂದಿನ ಅಂಗಳ ಎಸ್ಟೇಟಿನ ಕಾಫಿ ಕಣ. ಸುಗ್ಗಿಯಲ್ಲಿ ಅಲ್ಲಿ ಕಾಫಿ ಹರವಿದರೆ ನಮಗೆ ಕಾಲಿಡಲು ಗೋಡೆ ಪಕ್ಕದ ಒಂದು ಸಣ್ಣ ದಾರಿ ಮಾತ್ರ ಉಳಿಯುತ್ತಿತ್ತು. ಅವ್ವನಿಗೆ ರಂಗೋಲಿ ಹಾಕಲೂ ಜಾಗವಿಲ್ಲ. ಹೊಸ್ತಿಲ ಮೇಲೆಯೇ ಅಂಗೈಯಗಲದ್ದೊಂದು ಹಾಕಿ ಮುಗಿಸುತ್ತಿದ್ದಳು. ಬಂಗಲೆಯವರಿಗೆ ನಾವು ಕೆಳಗಿನವರು, ಕೂಲಿಯಾಳುಗಳ ಸಾಲುಮನೆ, ಅಂದರೆ ಲೈನಿನವರಿಗೆ ಮೇಲಿನವರು. ಹಾಗಾಗಿ ನಮ್ಮ ಮನೆಗೆ ಮಾತಿಗೆ ಬರುವವರೇ ಕಡಿಮೆ. ಆ ಕೊರತೆಯನ್ನು ಅಜ್ಜಿ ಒಬ್ಬಳೇ ತುಂಬುತ್ತಿದ್ದಳು. ಅವಳ ಮಾತು ಬೆಳಗಿನ ಒಲೆಯ ಜೊತೆ ಹೊತ್ತಿಕೊಂಡರೆ ಹಾಸಿಗೆ ಹಾಸುವವರೆಗೂ ಆರುತ್ತಿರಲಿಲ್ಲ. ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ, ಆ ಒಲೆಯ ಪಕ್ಕದಲ್ಲಿ.

ಅಪ್ಪ ಕೊನೆಗೂ ಬಾಯಿಬಿಟ್ಟ. ಹೇಳಬೇಕಾದ ಸುದ್ದಿ ಎರಡಿತ್ತು. ಮೊದಲನೆಯದನ್ನು ಬಸ್ಸಿನ ಕಂಡಕ್ಟರ್ ತಂದಿದ್ದ. ಯಸಳೂರಿನಲ್ಲಿದ್ದ ನಮ್ಮ ಅತ್ತೆ, ಅಂದರೆ ಅಜ್ಜಿಯ ಒಬ್ಬಳೇ ಮಗಳು, ಬಚ್ಚಲ ಕಲ್ಲಿನ ಮೇಲೆ ಜಾರಿಬಿದ್ದು ತೊಡೆ ಮುರಿದುಕೊಂಡಿದ್ದಳು. ನಾಟಿ ವೈದ್ಯರು ಬಿದಿರ ದಬ್ಬೆ ಇಟ್ಟು ಕಟ್ಟಿದ್ದರು. ಸುಗ್ಗಿ ಮುಗಿಯುವವರೆಗೂ ಏಳಬಾರದಂತೆ. ಮನೆ ತುಂಬ ಚಿಕ್ಕ ಮಕ್ಕಳು, ಬೇಯಿಸಿ ಹಾಕುವವರಿಲ್ಲ.

“ಜಯಿ ಹೋಗ್ಲಿ ಅಂತ ಅನ್ಕಂಡಿದೀನಿ,” ಎಂದ ಅಪ್ಪ.

ಜಯಿ ಎಂದರೆ ನಾನೇ. ಅತ್ತೆಯ ಮೇಲೆ ನನಗೆ ಪ್ರೀತಿಯಿತ್ತು. ಆದರೆ ನಮ್ಮ ಕಡೆ ಹೀಗೆ ನೆಂಟರ ಒಲೆ ನೋಡಿಕೊಳ್ಳಲು ಹೋದ ಹುಡುಗಿಯರು ಮತ್ತೆ ಮನೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅಲ್ಲೇ ಯಾರಾದರೂ ನೋಡಿ, ಅಲ್ಲೇ ಮಾತಾಗಿ, ಚಪ್ಪರ ಹಾಕುವ ಹೊತ್ತಿಗೆ ಒಂದು ಸಲ ತವರಿಗೆ ಬಂದು ಹೋಗುತ್ತಿದ್ದರು, ಅಷ್ಟೆ. ಅತ್ತೆಯ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆಯಿರಲಿಲ್ಲ. ನನಗೆ ಜನ ಬೇಕಿತ್ತು, ಪೇಟೆ ಬೇಕಿತ್ತು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅಪ್ಪ ನನ್ನ ಮುಖ ನೋಡಿ ಎರಡನೆಯ ಸುದ್ದಿಗೆ ಬಂದ.

“ಕಂಬಳಿ ಇಳಿಸಕ್ಕೆ ಬಂದಿದ್ದಾಗ ಇಬ್ರಾಹಿಂ ಸಾಹುಕಾರ್ರು ಒಂದ್ ಮಾತಂದ್ರು. ಪೇಟೇಲಿರೋ ಅವ್ರ ಜವಳಿ ಅಂಗಡಿಗೆ ಒಂದ್ ಹುಡುಗಿ ಬೇಕಂತೆ. ಸುಗ್ಗೀಲಿ ಲೈನ್ ಹೆಂಗಸ್ರು ಬರ್ತಾರೆ, ಗಂಡಸ್ರ ಮುಂದೆ ಬಾಯೇ ಬಿಡದೆ ಹೊಂಟೋಗ್ತಾರಂತೆ. ಭಾನುವಾರ ಇಂಟರ್ವ್ಯೂ ಮಾಡ್ತಾರಂತೆ.”

“ಏನ್ ಮಾಡ್ತಾರಂತೆ?” ಎಂದಳು ಅಜ್ಜಿ.

“ಎದುರಿಗೆ ಕೂರ್ಸ್ಕಂಡು, ಮಾತಾಡ್ಸಿ, ಆಗ್ತಾಳೋ ಇಲ್ವೋ ಅಂತ ತೀರ್ಮಾನ ಮಾಡ್ತಾರೆ ಕಣವ್ವ.”

ಅಜ್ಜಿ ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು.

“ಹಂಗನ್ನು ಮತ್ತೆ. ಅದ್ ನಂಗ್ ಬುಡು.”

“ಭಾನುವಾರ ಒಪ್ಕಂಡ್ರೆ ಇವ್ಳು ಇಲ್ಲೇ ಇರ್ಲಿ. ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಯಸಳೂರ್ ಬಸ್ಸು. ಆಮೇಲೆ ಅಳೋದು ಗಿಳೋದು ಇಲ್ಲ,” ಎಂದ ಅಪ್ಪ ನನ್ನ ಕಡೆ ತಿರುಗಿ.

“ಇವ್ಳು ಇಲ್ಲಿದ್ರೆ ಅಲ್ಲಿಗ್ಯಾರು?” ಎಂದಳು ಅವ್ವ, ರೊಟ್ಟಿಯಿಂದ ಕಣ್ಣೆತ್ತದೆ.

“ಯಾರಾದ್ರೂ ಆಳು ಸಿಗ್ತಾರೆ ಮಾರಾಯ್ತಿ,” ಎಂದ ಅಪ್ಪ. ಸುಗ್ಗಿಯಲ್ಲಿ ಆಳು ಸಿಗುವುದಿಲ್ಲ ಎಂಬುದು ಆಳುಗಳಿಗೆ ಕಂಬಳಿ ಹಂಚುವ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಅಜ್ಜಿ “ನಂಗ್ ಬುಡು” ಎಂದಳಲ್ಲ, ಅದಕ್ಕೆ ಕಾರಣವಿತ್ತು. ಆಲೂರಿನ ಕಡೆಯ ಅವಳ ಊರಿನಲ್ಲಿ ಗಂಡಿನವರು ಹೆಣ್ಣು ನೋಡಲು ಬರುತ್ತಾರೆಂದರೆ ಅಕ್ಕಪಕ್ಕದ ಮನೆಗಳವರು ಮೊದಲು ಅಜ್ಜಿಗೆ ಹೇಳಿಕಳಿಸುತ್ತಿದ್ದರಂತೆ. ತಲೆ ಬಾಚುವುದರಿಂದ ಹಿಡಿದು ಕಾಲು ಮಡಿಸಿ ಕೂರುವುದರವರೆಗೆ ಹೆಣ್ಣನ್ನು ಅಣಿಮಾಡುವುದು ಇವಳ ಕೆಲಸ. ತನ್ನ ಕೈಯಿಂದ ಹೋದ ಒಂದು ಹೆಣ್ಣೂ ಬೇಡವೆನ್ನಿಸಿಕೊಂಡದ್ದಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅಂಗಡಿಯೆಂದರೆ ಏನು, ಅಲ್ಲಿ ಏನು ಕೆಲಸ ಎಂದು ಅಜ್ಜಿಗೆ ತಿಳಿಯದೆ ಇರಲಿಲ್ಲ. ಆದರೆ ಒಬ್ಬ ಹುಡುಗಿಯನ್ನು ಪರರ ಮುಂದೆ ಕೂರಿಸಿ ಪ್ರಶ್ನೆ ಕೇಳುತ್ತಾರೆ ಎಂದಮೇಲೆ ಅದಕ್ಕೊಂದು ಕ್ರಮ ಇದ್ದೇ ಇದೆ, ಅದು ತನಗೆ ಗೊತ್ತಿರುವ ಕ್ರಮವೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಮರುದಿನವೇ ಸೀಗೆಕಾಯಿ ಕುಟ್ಟಿದಳು. ಕಡಲೆಹಿಟ್ಟು, ಅರಿಶಿನ ಕಲೆಸಿ ನನ್ನ ಮುಖ, ಕತ್ತು, ಮೊಣಕೈ ಎಲ್ಲ ತಿಕ್ಕಿದಳು. ಇಡೀ ಜೀವಮಾನ ಮಾತಾಡಿಕೊಂಡೇ ಬಂದ ಆ ಹೆಂಗಸು ನನಗೆ ಕಲಿಸಿದ್ದು ಮಾತ್ರ ಮಾತಾಡದಿರುವುದನ್ನು.

“ಕೇಳಿದ್ರೆ ಒಂದ್ ಮಾತು. ಕೇಳ್ದಿದ್ರೆ ಅದೂ ಇಲ್ಲ. ಕಣ್ಣು ನೆಲದ ಮ್ಯಾಲೆ. ಏನ್ ಬರ್ತೈತೆ ಅಂದ್ರೂ ಬರ್ತೈತೆ ಅನ್ಬೇಕು. ನಗಾಡ್ಬಾರ್ದು. ಯಾವ್ದನ್ನೂ ಮುಟ್ಬಾರ್ದು.”

ಅಪ್ಪನ ಪಾಠವೇ ಬೇರೆ. ತಾನು ಹುಡುಗನಾಗಿದ್ದಾಗ ಎಸ್ಟೇಟಿನ ಬಿಳಿ ದೊರೆಯ ಮುಂದೆ ನಿಂತು ಕೆಲಸ ಗಿಟ್ಟಿಸಿದ ಕಥೆ ಅವನಿಗೆ ಪುರಾಣದಷ್ಟು ದೊಡ್ಡದು. ಅವನ ಲೆಕ್ಕದಲ್ಲಿ ಇಂಟರ್ವ್ಯೂ ಎಂದರೆ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಅಪ್ಪಣೆ ಕೇಳುವುದು, ಒಳಗೆ ಹೋಗಿ ಬೆನ್ನು ನೆಟ್ಟಗೆ ಮಾಡುವುದು, ಕೇಳಿದ್ದಕ್ಕೆಲ್ಲ “ಎಸ್ ಸರ್” ಎನ್ನುವುದು. ಶನಿವಾರ ಮಧ್ಯಾಹ್ನ ಕಣದ ಅಂಚಿನಲ್ಲಿ ತಾಲೀಮು ನಡೆಯಿತು. ಅಜ್ಜಿ ಕಾಫಿ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಸಾಹುಕಾರರಾಗಿ ಕೂತಳು. ನಾನು ಸ್ಟೋರಿನ ಮೂಲೆಯಿಂದ ನಡೆದು ಬರಬೇಕು.

“ಮೇ ಐ ಕಮಿನ್ ಸಾರ್,” ಎಂದೆ.

“ಅದೇನದು ಮಂತ್ರ ಹೇಳ್ಕಂಡ್ ಬರ್ತೀಯೆ? ಬಲಗಾಲು ಮುಂದಿಡು,” ಎಂದಳು ಅಜ್ಜಿ.

“ಅವ್ವಾ, ಅದನ್ನ ಹೇಳ್ಲೇಬೇಕು,” ಎಂದ ಅಪ್ಪ.

“ಹೇಳ್ಲಿ, ಬಲಗಾಲಿಟ್ಕಂಡ್ ಹೇಳ್ಲಿ. ಬಾ ಕೂಸೆ, ಕೂತ್ಕ. ಅಡ್ಗೆ ಏನೇನ್ ಬರ್ತೈತೆ?”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು. “ಅತ್ತೆಮ್ಮ, ಅವ್ರ್ಯಾಕೆ ಅಡ್ಗೆ ಕೇಳ್ತಾರೆ? ಸೀರೆ ಮಡಸಕ್ ಬರ್ತೈತಾ ಅಂತ ಕೇಳ್ತಾರೆ.”

“ಅಡ್ಗೆ ಬರೋಳಿಗೆ ಸೀರೆ ಮಡಸಕ್ ಬರಲ್ವೇನೆ? ನೀನ್ ಸುಮ್ನಿರು. ನಿನ್ನನ್ನ ನೋಡಕ್ ಬಂದಾಗ ನಾನೂ ಅದೇ ಕೇಳಿದ್ದು, ಮರ್ತೋಗ್ಬುಟ್ಯಾ?”

ಅವ್ವ ಮರೆತಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಸೀರೆಯ ವಿಷಯಕ್ಕೆ ಅವಳೂ ಗಟ್ಟಿಯಾಗಿ ನಿಂತಳು. ಸಾದಾ ವಾಯಿಲ್ ಸೀರೆ ಸಾಕು, ಕೆಲಸಕ್ಕೆ ಹೋಗುವವಳು ಕೆಲಸದವಳ ಹಾಗೆ ಕಾಣಬೇಕು ಎಂಬುದು ಅವಳ ವಾದ. ಅಜ್ಜಿ ಟ್ರಂಕಿನಿಂದ ಅವ್ವನದೇ ಧಾರೆ ಸೀರೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಿದ್ದಳು. ಇಬ್ಬರ ನಡುವೆ ನಾನು ಲಂಗ, ಕುಪ್ಪಸದಲ್ಲಿ ಚಳಿಗೆ ನಡುಗುತ್ತಾ ನಿಂತಿದ್ದೆ. ಎಂದೂ ಅಜ್ಜಿಗೆ ಎದುರಾಡದ ಅವ್ವ ಅಂದು “ನನ್ ಸೀರೆ ಅದು, ಕೊಡಲ್ಲ ಅಂದ್ರೆ?” ಎಂದಳು. ಅಜ್ಜಿ “ಕೊಡ್ಬ್ಯಾಡ. ಸೋಮವಾರ ಬಸ್ಸಿಗೆ ಕಳ್ಸು,” ಎಂದಳು. ಅವ್ವ ನೆರಿಗೆ ಹಿಡಿಯಲು ಮೊಣಕಾಲೂರಿದಳು. ನಾನು ಯಸಳೂರಿಗೆ ಹೋಗುವುದು ಅವಳಿಗೂ ಬೇಡವಾಗಿತ್ತು ಎಂದು ನನಗೆ ತಿಳಿದದ್ದು ಆಗ.

ಅಪ್ಪನಿಗೆ ಅಂದು ಕಾಫಿ ಅಳೆಯುವ ಕೆಲಸವಿತ್ತು. ಹಾಗಾಗಿ ನಾನೂ ಅಜ್ಜಿಯೂ ಹೊರಟೆವು. ಮುಡಿಯಲ್ಲಿ ಕನಕಾಂಬರ, ಮೈಮೇಲೆ ಧಾರೆ ಸೀರೆ, ಕಾಲಲ್ಲಿ ಚಪ್ಪಲಿಯಿಲ್ಲ. ಎಸ್ಟೇಟಿನ ರಸ್ತೆಯ ಕೆಂಪು ಧೂಳಿಗೆ ಸೀರೆ ಸೋಕದಂತೆ ಎತ್ತಿ ಹಿಡಿದುಕೊಂಡು ಗುಡ್ಡ ಇಳಿದೆ. ಕಾಫಿ ಕೊಯ್ಯುತ್ತಿದ್ದ ಹೆಂಗಸರು ಗಿಡಗಳ ನಡುವಿನಿಂದ ತಲೆಯೆತ್ತಿ ನೋಡಿದರು.

“ಏನಜ್ಜಿ, ಹೆಣ್ಣು ತೋರ್ಸಕ್ಕಾ?”

“ಹಂಗೇ ಅನ್ಕಳ್ರವ್ವ,” ಎಂದಳು ಅಜ್ಜಿ, ನಿಲ್ಲದೆ.

ಹೇಮಾವತಿಯ ಸೇತುವೆ ದಾಟಿ ಪೇಟೆ ಬೀದಿಗೆ ಬಂದೆವು. ಸಾಹುಕಾರರ ಅಂಗಡಿ ಎದುರಿಗೇ ಇತ್ತು. ಹಲಗೆಗಳನ್ನು ತೆಗೆದಿಟ್ಟರೆ ಇಡೀ ಮುಂಭಾಗವೇ ಬೀದಿಗೆ ತೆರೆದುಕೊಳ್ಳುವಂಥ ಅಂಗಡಿ ಅದು. ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಮೇಲೆ ಬಿಳಿ ಹಾಸು, ಗೋಡೆಯುದ್ದಕ್ಕೂ ಬಟ್ಟೆ ಜೋಡಿಸಿದ ಕಪಾಟು. ಬಾಗಿಲು ಎಲ್ಲಿ ಎಂದು ನಾನು ಹುಡುಕಿದೆ. ಬಾಗಿಲೇ ಇರಲಿಲ್ಲ. ಆದರೂ ಅಪ್ಪನ ಪಾಠ ಬಿಡುವಂತಿಲ್ಲ. ಬೀದಿಯಲ್ಲಿ ನಿಂತು, ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, “ಮೇ ಐ ಕಮಿನ್ ಸಾರ್” ಎಂದೆ. ಅರೆನರೆತ ಗಡ್ಡದ, ಸಮಾಧಾನದ ಮುಖದ ಸಾಹುಕಾರರು ನನ್ನ ಹಿಂದೆ ಯಾರಾದರೂ ದೊಡ್ಡವರು ಇದ್ದಾರೆಯೇ ಎಂದು ಬೀದಿಯ ಕಡೆ ನೋಡಿದರು. ಗುಮಾಸ್ತ ನಗು ನುಂಗಿಕೊಂಡು ಕಪಾಟಿನ ಕಡೆ ತಿರುಗಿದ.

“ಬಾಮ್ಮ, ಬಾ. ರೈಟರ ಮಗಳಲ್ವಾ? ಅಜ್ಜೀ, ನೀವೂ ಮೇಲೆ ಬನ್ನಿ, ಕೂತ್ಕೊಳಿ.”

ನಾನು ಹಾಸಿನ ಅಂಚಿನಲ್ಲಿ ಕಾಲು ಮಡಿಸಿ ಕೂತು, ಕಣ್ಣನ್ನು ನೆಲಕ್ಕೆ ನೆಟ್ಟೆ. ಅಜ್ಜಿ ನನ್ನ ಪಕ್ಕದಲ್ಲಿ, ಸೆರಗಿನ ಮರೆಯಲ್ಲಿ ಒಂದು ಕೈಯನ್ನು ನನ್ನ ತೊಡೆಯ ಹತ್ತಿರ ಇಟ್ಟುಕೊಂಡು ಕೂತಳು. ತಪ್ಪಿದರೆ ಚಿವುಟಲು.

“ಹೆಸ್ರೇನಮ್ಮ?”

“ಜಯಲಕ್ಷ್ಮಿ.”

“ಅಂಗಡಿ ಕೆಲ್ಸ ಅಂದ್ರೆ ಏನ್ ಗೊತ್ತು?”

“ಬರ್ತೈತೆ.”

“ಗಿರಾಕಿ ಬಂದ್ರೆ ಹೆಂಗ್ ಮಾತಾಡ್ತೀಯಾ?”

“ಬರ್ತೈತೆ.”

ಸಾಹುಕಾರರು ಅಜ್ಜಿಯ ಕಡೆ ತಿರುಗಿ, ಬಹಳ ಮೆಲ್ಲಗೆ, ನೋಯಿಸಬಾರದೆನ್ನುವ ದನಿಯಲ್ಲಿ ಹೇಳಿದರು.

“ಅಜ್ಜೀ, ಹುಡುಗಿ ಚಿನ್ನದಂಥವಳು. ಆದ್ರೆ ನಂಗೆ ಮಾತಾಡೋರು ಬೇಕು. ಮಾತಾಡ್ದೆ ಇರೋ ಹೆಂಗಸ್ರು ಗಿರಾಕೀಲೇ ಬೇಕಾದಷ್ಟಿದಾರೆ.”

ಅಜ್ಜಿಯ ಕೈ ನನ್ನ ತೊಡೆಯಿಂದ ಮೆಲ್ಲನೆ ಹಿಂದಕ್ಕೆ ಸರಿಯಿತು. ಅವಳಿಗೆ ಮಾತು ಸಿಗದೆ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಯಾರೋ ಬಂದು ನಿಂತರು. ನನ್ನ ತಲೆ ತಗ್ಗಿಯೇ ಇದ್ದುದರಿಂದ ನನಗೆ ಕಂಡದ್ದು ಎರಡು ಪಾದ ಮಾತ್ರ. ಬಿರುಕು ಬಿಟ್ಟ ಹಿಮ್ಮಡಿ, ಬೆರಳ ಸಂದಿಯಲ್ಲಿ ತೋಟದ ಮಣ್ಣು. ಲೈನಿನ ಯಾರೋ ಹೆಂಗಸು.

“ಏನ್ ಬೇಕಮ್ಮಾ?” ಎಂದ ಗುಮಾಸ್ತ.

“ಸೀರೆ,” ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

“ಯಾವ ತರದ್ದು? ಯಾವ ಬಣ್ಣ?”

“ಯಾವ್ದಾರೂ.”

ಗುಮಾಸ್ತ ಮೇಲಿನ ಕಪಾಟಿನಿಂದ ಒಂದರ ಮೇಲೊಂದು ತೆಗೆದು ಹರವುತ್ತಾ ಹೋದ. ಗುಲಾಬಿ, ಹಳದಿ, ಆಕಾಶನೀಲಿ. ಅವನು ಒಂದೊಂದು ಬಿಚ್ಚಿದಾಗಲೂ ಆ ಪಾದಗಳು ಒಂದಿಷ್ಟು ಹಿಂದಕ್ಕೆ ಸರಿಯುತ್ತಿದ್ದವು. ಇನ್ನೇನು ತಿರುಗಿ ಹೋಗುತ್ತಾಳೆ ಎನ್ನುವಷ್ಟರಲ್ಲಿ ಒಂದು ಪಾದ ಮಾತ್ರ ಪಕ್ಕಕ್ಕೆ ತಿರುಗಿತು. ಅದರ ಹೆಬ್ಬೆರಳು ಕಟ್ಟೆಯ ಕೆಳಗಿನ ಸಾಲಿನ ಕಡೆಗೆ ಚಾಚಿತು. ಅಲ್ಲಿ ಒರಟು ನೂಲಿನ ಸೀರೆಗಳ ನಡುವೆ, ಕೆಂಪಂಚಿನ ಕಡುಹಸಿರಿನದೊಂದು ಇತ್ತು. ಮೇಲೆ ನಿಂತ ಗುಮಾಸ್ತನಿಗೆ ಅದು ಕಾಣುವಂತಿರಲಿಲ್ಲ. ನೆಲ ನೋಡುತ್ತಾ ಕೂತ ನನಗೆ ಕಂಡಿತು.

“ಅಕ್ಕಾ, ಆ ಹಸ್ರು ಸೀರೆ ಬಿಚ್ಚಿ ತೋರಿಸ್ಲಾ?” ಎಂದೆ.

ತಕ್ಷಣ ತೊಡೆ ಚುರ್ರೆಂದಿತು. ಅಜ್ಜಿಯ ಕೈ ಹಳೆಯ ಅಭ್ಯಾಸಕ್ಕೆ ಮರಳಿತ್ತು. ಆದರೆ ಬಾಯಿ ತೆರೆದಾಗಿತ್ತು. ಬಗ್ಗಿ ಸೀರೆ ಎಳೆದು ಮಡಿಲ ಮೇಲೆ ಹರವಿದೆ. ಮುಟ್ಟಬಾರದೆಂಬುದೂ ಅಲ್ಲಿಗೆ ಮುಗಿಯಿತು.

ಆ ಹೆಂಗಸು ಹತ್ತಿರ ಬಂದಳು. ಬೆರಳ ತುದಿಗೆಲ್ಲ ಕಾಫಿ ಹಣ್ಣಿನ ಕಪ್ಪು ಕಲೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಸೀರೆಯ ಅಂಚು ಹಿಡಿದಳು.

“ಬಣ್ಣ ಬುಡ್ತೈತಾ?”

“ನಂಗ್ ಗೊತ್ತಿಲ್ಲ ಕಣಕ್ಕ. ಸಾಹುಕಾರ್ರೇ ಹೇಳ್ಬೇಕು.”

“ನೀನೂ ತಗಳಕ್ ಬಂದಿದೀಯಾ?”

“ಇಲ್ಲ, ಮಾರಕ್ ಬಂದಿದೀನಿ. ಕೆಲ್ಸ ಸಿಗ್ತೈತೋ ಇಲ್ವೋ ಇನ್ನೂ ಗೊತ್ತಾಗಿಲ್ಲ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಧಾರೆ ಸೀರೆ ಉಟ್ಕಂಡ್ ಮಾರ್ತಾರಾ?”

“ನಮ್ಮಜ್ಜಿ ಉಡ್ಸಿದ್ದು,” ಎಂದೆ.

ಆ ಹೆಂಗಸು ನಕ್ಕಳು. ನಕ್ಕಮೇಲೆ ಮಾತು ಬಂತು. ತಂಗಿಯ ಮದುವೆಗೆ ಉಡಲು ಸೀರೆ ಬೇಕಿತ್ತಂತೆ. ಗುಲಾಬಿ, ಹಳದಿ ಮದುವೆಗೆ ಚೆನ್ನ, ಆದರೆ ಮದುವೆ ಮುಗಿದಮೇಲೆ ಅದನ್ನೇ ಕೆಲಸಕ್ಕೆ ಉಡಬೇಕಲ್ಲ, ಕಾಫಿ ಕಲೆ ಎದ್ದು ಕಾಣುತ್ತದೆ. ಅದನ್ನು ಗಂಡಸರ ಹತ್ತಿರ ಹೇಗೆ ಹೇಳುವುದು? ನಾನು ನಮ್ಮ ಕಣದ ವಿಷಯ ಹೇಳಿದೆ, ಕಾಫಿ ಸಿಪ್ಪೆ ಮೆತ್ತಿದ ಲಂಗಕ್ಕೆ ಅವ್ವ ಬೈಯುವುದನ್ನು ಹೇಳಿದೆ, ಅವಳ ತಂಗಿಯ ಹೆಸರು ಕೇಳಿದೆ, ಗಂಡು ಯಾವ ಊರು ಎಂದು ಕೇಳಿದೆ. ಅಜ್ಜಿ ದಾರಿಹೋಕರನ್ನು ಮಾತಾಡಿಸುವ ರೀತಿಯೇ ಅದು. ನನಗೆ ಬೇರೆ ರೀತಿ ಗೊತ್ತಿರಲಿಲ್ಲ. ಅಷ್ಟೆಲ್ಲ ಆದಮೇಲೆ ಅವಳು ಸೀರೆ ಮಡಿಸಿ ನನ್ನ ಕೈಗೆ ಕೊಟ್ಟಳು.

“ಕೂಲಿ ಬಟವಾಡೆ ಆಗ್ಲಿ, ಮುಂದಿನ್ ಸಂತೆಗೆ ಬರ್ತೀನಿ. ಎತ್ತಿಟ್ಟಿರು. ಆಗ ನೀನ್ ಇರ್ತೀಯಾ?”

ನನಗೆ ಗೊತ್ತಿರಲಿಲ್ಲ. ತಲೆಯೆತ್ತಿ ಸಾಹುಕಾರರ ಮುಖ ನೋಡಿದೆ. ಅವರು ಗಡ್ಡ ಸವರಿಕೊಂಡು, ನನ್ನನ್ನಲ್ಲ, ಅವಳನ್ನು ನೋಡಿ ಹೇಳಿದರು.

“ಇರ್ತಾಳಮ್ಮ. ಬಾ.”

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಸೆರಗು ಸರಿಮಾಡಿಕೊಂಡು ಕೂತಲ್ಲೇ ಮುಂದಕ್ಕೆ ಜರುಗಿದಳು.

“ನೀವೊಬ್ರೇ ಇರ್ತಾಳೆ ಅಂದ್ರಾಯ್ತಾ ಸಾಹುಕಾರ್ರೆ? ನಮ್ ಕಡೆ ಮಾತು ಇನ್ನೂ ಐತೆ.”

“ಹೇಳಿ ಅಜ್ಜೀ.”

ಹೆಣ್ಣಿನ ಕಡೆಯ ಹಿರಿಯಳಾಗಿ ಅವಳು ಕೇಳಬೇಕಾದದ್ದನ್ನೆಲ್ಲ ಕೇಳಿದಳು. ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು. ಬುತ್ತಿ ತಂದರೆ ಕೂತು ಉಣ್ಣಲು ಗಂಡಸರಿಲ್ಲದ ಜಾಗ ಬೇಕು. ಯಾರೂ ಏಕವಚನದಲ್ಲಿ ಕೂಗಿ ಕರೆಯಬಾರದು. ಸಾಹುಕಾರರು ಒಂದೊಂದಕ್ಕೂ ತಲೆಯಾಡಿಸಿದರು. ಊಟಕ್ಕೆ ಅಂಗಡಿಯ ಹಿಂದೆ ತಮ್ಮ ಮನೆಯ ಜಗಲಿಯಿದೆ, ಅಲ್ಲಿ ಹೆಂಡತಿ ಇರುತ್ತಾಳೆ, ಸಂಜೆ ಗುಮಾಸ್ತ ಸೇತುವೆಯ ತನಕ ಬಿಟ್ಟು ಬರುತ್ತಾನೆ ಎಂದರು. ಆಮೇಲೆ ಒಳಗಿನಿಂದ ತಟ್ಟೆಯಲ್ಲಿ ಬಾಳೆಹಣ್ಣು, ಎಲೆಅಡಿಕೆ ಬಂತು. ಅಜ್ಜಿ ಎರಡು ಕೈಯಲ್ಲೂ ತೆಗೆದುಕೊಂಡು “ನಮ್ಗೂ ಒಪ್ಗೆ” ಎಂದಳು.

ಹಿಂದಿರುಗುವ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅಜ್ಜಿ ಹೂಂಗುಟ್ಟುತ್ತಾ ಬಂದಳು. ಮನೆಯಲ್ಲಿ ಅವ್ವ ಸುದ್ದಿ ಕೇಳಿ ನನ್ನ ಕೆನ್ನೆ ಸವರಿ, ಸೀರೆಯ ಅಂಚಿಗೆ ಹತ್ತಿದ ಧೂಳು ಕೊಡವಿದಳು. ಅಪ್ಪ “ಇಂಗ್ಲಿಷಲ್ಲಿ ಕೇಳ್ದ್ಯೋ ಇಲ್ವೋ?” ಎಂದ. ಕೇಳಿದೆ ಎಂದೆ. ಅವನಿಗೆ ತೃಪ್ತಿಯಾಯಿತು. ಆದರೆ ಉಣ್ಣಲು ಕೂತಾಗ ಅವನು ಅನ್ನ ಕಲೆಸುತ್ತಲೇ ಇದ್ದ.

“ಎಲ್ಲಾ ಲೈನಲ್ಲೂ ಕೇಳ್ದೆ. ಯಸಳೂರಿಗೆ ಹೋಗೋರು ಒಬ್ರೂ ಸಿಗ್ಲಿಲ್ಲ,” ಎಂದ.

ತೊಡೆ ಕಟ್ಟಿಸಿಕೊಂಡು ಮಲಗಿರುವ ಅತ್ತೆ, ಸುತ್ತ ಮಕ್ಕಳು, ಎಲ್ಲ ನನ್ನ ಕಣ್ಣ ಮುಂದೆ ಬಂತು.

“ನಾನೇ ಹೋಗ್ತೀನಿ ಬುಡು,” ಎಂದೆ. ಅಳು ಬಂದಿತ್ತು.

“ನೀನ್ ಹೋದ್ರೆ ಆ ಹೆಂಗಸ್ಗೆ ಸೀರೆ ಕೊಡೋರ್ಯಾರು?” ಎಂದಳು ಅಜ್ಜಿ. “ಎಲೆಅಡ್ಕೆ ಇಸ್ಕಂಡ್ ಬಂದಿದೀನಿ. ಉಣ್ಣು.”

ಸೋಮವಾರ ಬೆಳಿಗ್ಗೆ ಯಸಳೂರಿನ ಬಸ್ಸಿಗೆ ಹತ್ತಿದವಳು ಅಜ್ಜಿ. ಹೆಣ್ಣು ಕೊಟ್ಟ ತಾಯಿ ಅಳಿಯನ ಮನೆಯಲ್ಲಿ ಒಂದು ರಾತ್ರಿ ಉಳಿಯುವುದೂ ಅವಳ ಕಾಲದವರಿಗೆ ಒಪ್ಪುವಂಥದ್ದಾಗಿರಲಿಲ್ಲ. ಮಗಳ ಬಾಣಂತನವನ್ನೂ ನಮ್ಮ ಮನೆಗೆ ಕರೆಸಿಕೊಂಡೇ ಮಾಡಿದ್ದವಳು ಅವಳು. ಅಪ್ಪ ಅದನ್ನು ನೆನಪಿಸಲು ಹೋದಾಗ “ನಾನ್ ಮಗ್ಳ್ ಮನೆಗ್ ಹೋಗ್ತಿರೋದು, ಅಳಿಯನ್ ಮನೆಗಲ್ಲ,” ಎಂದು ಬಟ್ಟೆಗಂಟನ್ನು ಕಂಕುಳಿಗೆ ಏರಿಸಿಕೊಂಡಳು. ಅದೇ ಬೆಳಿಗ್ಗೆ ನಾನು ವಾಯಿಲ್ ಸೀರೆ ಉಟ್ಟು, ಬುತ್ತಿ ಹಿಡಿದುಕೊಂಡು ಅಂಗಡಿಗೆ ಹೋದೆ. ಬಟವಾಡೆಯಾದ ವಾರದ ಸಂತೆಗೆ ಆ ಹೆಂಗಸು ಬಂದು ಹಸಿರು ಸೀರೆ ಕೊಂಡುಕೊಂಡಳು. ಸಂಜೆ ಮನೆಗೆ ಬಂದು ಅದನ್ನು ಹೇಳಲು ಅಡುಗೆಮನೆಗೆ ಹೋದರೆ, ಒಲೆಯ ಪಕ್ಕದ ಜಾಗದಲ್ಲಿ ಅವ್ವ ಕೂತಿದ್ದಳು.

ಸುಗ್ಗಿ ಮುಗಿದು, ಕಾಫಿ ಹೂ ಅರಳಿಸುವ ಮಳೆ ಬಿದ್ದ ವಾರ, ಒಂದು ಮಧ್ಯಾಹ್ನ, ನಾನು ಬಟ್ಟೆಯ ಥಾನಿನಿಂದ ಕುಪ್ಪಸದ ತುಂಡು ಹರಿಯುತ್ತಿದ್ದಾಗ ಮೆಟ್ಟಿಲ ಮೇಲೆ ಅಜ್ಜಿ ನಿಂತಿದ್ದಳು. ಮನೆಗೆ ಹೋಗದೆ ಬಸ್ಸಿಳಿದು ನೇರ ಬಂದಿದ್ದಳು. ಸೊರಗಿದ್ದಳು. ಸಾಹುಕಾರರಿಗೆ ಕೈಮುಗಿದು, ಕಟ್ಟೆಯ ಮೇಲೆ ಗಿರಾಕಿಗಳು ಕೂರುವ ಕಡೆ ಕೂತಳು.

“ನಿಮ್ಮತ್ತೆ ಎದ್ದ್ ಓಡಾಡ್ತಾವ್ಳೆ. ಅವ್ಳಿಗೊಂದು ಸೀರೆ ತೋರ್ಸು,” ಎಂದಳು.

ನಾನು ಕಪಾಟಿನಿಂದ ಒಂದೊಂದೇ ತೆಗೆದು ಅವಳ ಮುಂದೆ ಬಿಚ್ಚಿದೆ. ಅವಳು ಯಾವುದಕ್ಕೂ ಬೇಗ ಒಪ್ಪಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಒಂದು ನೇರಳೆ ಬಣ್ಣದ್ದನ್ನು ಆರಿಸಿದಳು. ಅಂದು ಗುಮಾಸ್ತ ಸೇತುವೆಯ ತನಕ ಬರಲಿಲ್ಲ. ಅಜ್ಜಿಯೂ ನಾನೂ ಮನೆಗೆ ನಡೆದೆವು.